ಬಳ್ಳಾರಿ ಬೀದಿಯಲ್ಲಿ ಆ ನಾಯಿ ನಡೆಯೋಕಾಗುತ್ತಾ?

ಬಳ್ಳಾರಿ ಅಂದ ಕೂಡಲೇ ನಮ್ಮ ಸುದ್ದಿಮನೆಗಳಲ್ಲಿ ಮೂರು ವಿಷಯ ಓಡುತ್ತೆ. ಗಣಿ, ರಾಜಕೀಯ, ಬಿಸಿಲು. ಇವತ್ತು ಮೊದಲೆರಡನ್ನೂ ಪಕ್ಕಕ್ಕಿಡೋಣ. ಬಿಸಿಲನ್ನ ಮಾತ್ರ ಇಟ್ಕೊಳ್ಳೋಣ, ಆಮೇಲೆ ಅದರ ಕೆಲಸ ಇದೆ. ಇವತ್ತಿನ ವಿಷಯ ನಾಯಿ.

ನಗಬೇಡಿ. ಟಿವಿಯಲ್ಲಿ ನಾಯಿ ಸುದ್ದಿಯಾಗೋದು ಎರಡೇ ರೀತಿ. ಒಂದು, ಕಚ್ಚಿದಾಗ. ಇನ್ನೊಂದು, ಅಳಿಸಿದಾಗ. 2022ರ ಜೂನ್‌ನಲ್ಲಿ '777 ಚಾರ್ಲಿ' ಸಿನಿಮಾ ಬಂತಲ್ಲ, ಥಿಯೇಟರ್‌ನಿಂದ ಹೊರಗೆ ಬಂದವರ ಕಣ್ಣೆಲ್ಲ ಕೆಂಪು. ಆ ಲ್ಯಾಬ್ರಡಾರ್ ನಾಯಿಗಾಗಿ ಇಡೀ ಕರ್ನಾಟಕ ಅತ್ತಿತು. ಮರುದಿನ ಅದೇ ಕರ್ನಾಟಕದ ಯಾವುದೋ ಓಣಿಯಲ್ಲಿ ಬೀದಿ ನಾಯಿ ಮಗುವನ್ನ ಕಚ್ಚಿರುತ್ತೆ, ಆಗ ಕೂಗಾಡ್ತೀವಿ. ಅಳೋದೂ ಸರಿ, ಕೂಗಾಡೋದೂ ಸರಿ. ಆದರೆ ಮೂರನೆಯ ಒಂದು ನಾಯಿ ಇದೆ. ಅದು ಸುದ್ದಿಯಾಗೋದೇ ಇಲ್ಲ. ಅದು ಕಚ್ಚಲ್ಲ, ಬೊಗಳಲ್ಲ, ಯಾರನ್ನೂ ಅಳಿಸಲ್ಲ. ಅದು ಬೆಳಗ್ಗೆ ಎದ್ದು ಡ್ಯೂಟಿಗೆ ಹೋಗುತ್ತೆ. ಕಣ್ಣು ಕಾಣದ ಒಬ್ಬ ಮನುಷ್ಯನ ಎಡಗಡೆ ನಿಂತು, ಅವನನ್ನ ಆಫೀಸಿಗೆ ಮುಟ್ಟಿಸಿ, ಮೇಜಿನ ಕೆಳಗೆ ಮಲಗಿ, ಸಂಜೆ ಮನೆಗೆ ಕರ್ಕೊಂಡು ಬರುತ್ತೆ. ಅದಕ್ಕೆ ಗೈಡ್ ಡಾಗ್ ಅಂತಾರೆ. ಮಾರ್ಗದರ್ಶಿ ನಾಯಿ.

ಇದು ಶುರುವಾಗಿದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ದೃಷ್ಟಿ ಕಳೆದುಕೊಂಡರು. 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ಎಂಬ ಊರಿನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು ಈ ಸೈನಿಕರಿಗಾಗಿಯೇ ನಾಯಿಗಳಿಗೆ ತರಬೇತಿ ಕೊಡುವ ಶಾಲೆ ತೆರೆದರು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ವಿದ್ಯೆ ಅಮೆರಿಕಕ್ಕೆ ಹೋಯ್ತು. ಹೋದ ರೀತಿ ಮಾತ್ರ ಪಕ್ಕಾ ಟಿವಿ ಸ್ಟೋರಿ, ಕೇಳಿ.

ಮಾರಿಸ್ ಫ್ರಾಂಕ್ ಎಂಬ ಹುಡುಗ. ನ್ಯಾಶ್‌ವಿಲ್ ಊರಿನವನು. ಎರಡೂ ಕಣ್ಣು ಹೋಗಿತ್ತು. ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಕೈ ಹಿಡಿಯಬೇಕು. 1927ರಲ್ಲಿ ಒಂದು ಪತ್ರಿಕೆಯಲ್ಲಿ ಡೊರೊಥಿ ಯೂಸ್ಟಿಸ್ ಎಂಬ ಮಹಿಳೆ ಜರ್ಮನಿಯ ಈ ನಾಯಿಗಳ ಬಗ್ಗೆ ಬರೆದ ಲೇಖನವನ್ನ ಅವನಿಗೆ ಮನೆಯವರು ಓದಿ ಹೇಳಿದರು. ಆತ ಪತ್ರ ಬರೆದ. ಆಕೆ ಸ್ವಿಟ್ಜರ್ಲೆಂಡ್‌ನಲ್ಲಿದ್ದರು, ಅಲ್ಲಿಗೇ ಕರೆಸಿಕೊಂಡರು. 1928ರಲ್ಲಿ ಆತ ಬಡ್ಡಿ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ಜೊತೆ ನ್ಯೂಯಾರ್ಕ್ ಬಂದರಿನಲ್ಲಿ ಇಳಿದ. ಪತ್ರಕರ್ತರು ಸುತ್ತುವರಿದರು. ನಮ್ಮ ಜಾತಿಯೇ ಹಾಗಲ್ವಾ, ನಂಬೋದಿಲ್ಲ. ಎಲ್ಲಿ, ವೆಸ್ಟ್ ಸ್ಟ್ರೀಟ್ ದಾಟಿ ತೋರಿಸು ಅಂದರು. ಆ ಕಾಲಕ್ಕೆ ಅತ್ಯಂತ ಅಪಾಯದ ರಸ್ತೆ ಅದು. ಆತ ನಾಯಿಯ ಹಿಡಿಕೆ ಹಿಡಿದ, ದಾಟಿದ. ಡೊರೊಥಿಗೆ ಟೆಲಿಗ್ರಾಂ ಕಳಿಸಿದ. ಅದರಲ್ಲಿ ಇದ್ದದ್ದು ಒಂದೇ ಪದ. ಯಶಸ್ಸು. 1929ರಲ್ಲಿ ಇಬ್ಬರೂ ಸೇರಿ 'ದಿ ಸೀಯಿಂಗ್ ಐ' ಎಂಬ ಶಾಲೆ ತೆರೆದರು. ಅದು ಇವತ್ತಿಗೂ ನಡೀತಾ ಇದೆ. 1931ರಲ್ಲಿ ಇಂಗ್ಲೆಂಡಿನಲ್ಲೂ ನಾಲ್ಕು ನಾಯಿಗಳೊಂದಿಗೆ ಶುರುವಾಯ್ತು.

ಅಂದರೆ ಈ ವ್ಯವಸ್ಥೆಗೆ ನೂರು ವರ್ಷ ದಾಟಿದೆ. ನಮಗೆ ಇನ್ನೂ ಹೊಸದು.

ಈ ನಾಯಿ ಏನು ಮಾಡುತ್ತೆ ಅನ್ನೋದರ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ನಾಯಿಗೆ 'ಗಾಂಧಿನಗರಕ್ಕೆ ನಡಿ' ಅಂದರೆ ಅದು ಆಟೋ ಡ್ರೈವರ್ ಥರ ಕರ್ಕೊಂಡು ಹೋಗುತ್ತೆ ಅಂತ. ಇಲ್ಲ. ದಾರಿ ಗೊತ್ತಿರಬೇಕಾದ್ದು ಮನುಷ್ಯನಿಗೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಹೇಳೋನು ಅವನು. ಸಿಗ್ನಲ್ ದೀಪ ನೋಡಿ ದಾಟಿಸೋದೂ ನಾಯಿಯ ಕೆಲಸ ಅಲ್ಲ. ವಾಹನಗಳ ಸದ್ದು ಕೇಳಿ 'ಈಗ ಹೋಗೋಣ' ಅಂತ ತೀರ್ಮಾನ ಮಾಡೋನು ಮನುಷ್ಯ. ನಾಯಿಯ ಕೆಲಸ ದಾರಿಯಲ್ಲಿ ಗುಂಡಿ, ಕಂಬ, ನಿಂತ ಬೈಕು, ತಲೆಗೆ ತಾಗುವ ಕೊಂಬೆ ಇದ್ದರೆ ಸುತ್ತು ಹಾಕಿಸೋದು. ಮೆಟ್ಟಿಲು ಬಂದರೆ ನಿಲ್ಲೋದು. ಫುಟ್‌ಪಾತ್ ಅಂಚು ಬಂದರೆ ನಿಲ್ಲೋದು.

ಇದರಲ್ಲಿ ಒಂದು ಪಾಠ ಬಹಳ ದೊಡ್ಡದು. ಯಜಮಾನ 'ಮುಂದೆ ನಡಿ' ಅಂತಾನೆ. ಎದುರಿಗೆ ಸದ್ದಿಲ್ಲದೆ ಕಾರು ಬರ್ತಾ ಇದೆ. ನಾಯಿ ನಡೆಯಲ್ಲ. ಆಜ್ಞೆ ಮೀರುತ್ತೆ. ಅದಕ್ಕೆ ಬುದ್ಧಿವಂತ ಅವಿಧೇಯತೆ ಅಂತ ಹೆಸರು. ಹೇಳಿದ್ದಕ್ಕೆಲ್ಲ ಬಾಲ ಅಲ್ಲಾಡಿಸೋದು ನಿಷ್ಠೆ ಅಲ್ಲ, ತಪ್ಪು ಆಜ್ಞೆಯನ್ನ ಒಪ್ಪದೆ ಇರೋದೂ ನಿಷ್ಠೆ. ಇದನ್ನ ನಮ್ಮ ರಾಜಕಾರಣಿಗಳ ಹಿಂಬಾಲಕರಿಗೂ ಹೇಳಿಕೊಡಬೇಕಿತ್ತು. ಹೋಗಲಿ, ರಾಜಕೀಯ ಬೇಡ ಅಂದಿದ್ದೆ.

ಇಂಥ ನಾಯಿ ಸುಮ್ಮನೆ ತಯಾರಾಗಲ್ಲ. ಮರಿಯಾಗಿದ್ದಾಗ ಒಂದು ವರ್ಷದಷ್ಟು ಕಾಲ ಯಾವುದಾದರೂ ಕುಟುಂಬ ಅದನ್ನ ಸಾಕಿ, ಬಸ್ಸು, ಅಂಗಡಿ, ಜನಜಂಗುಳಿ ಎಲ್ಲ ರೂಢಿ ಮಾಡಿಸುತ್ತೆ. ಆಮೇಲೆ ತಿಂಗಳುಗಟ್ಟಲೆ ಶಾಲೆಯ ತರಬೇತಿ. ಎಲ್ಲ ಮರಿಗಳೂ ಪಾಸಾಗಲ್ಲ. ಪಾಸಾದ ನಾಯಿಗೆ ತಕ್ಕ ಮನುಷ್ಯನನ್ನ ಹುಡುಕಬೇಕು. ನಡಿಗೆಯ ವೇಗ, ಎತ್ತರ, ಸ್ವಭಾವ ಎಲ್ಲ ನೋಡ್ತಾರೆ. ಒಂಥರಾ ಹೆಣ್ಣು-ಗಂಡು ನೋಡಿದ ಹಾಗೆ. ಆಮೇಲೆ ಇಬ್ಬರಿಗೂ ಜೊತೆಯಾಗಿ ವಾರಗಟ್ಟಲೆ ತರಬೇತಿ. ಎಂಟು ಹತ್ತು ವರ್ಷ ದುಡಿದು ನಾಯಿ ನಿವೃತ್ತಿ ಆಗುತ್ತೆ. ಇಷ್ಟಕ್ಕೆ ಭಾರೀ ಖರ್ಚು. ಆದರೆ ಇಂಗ್ಲೆಂಡಿನ ಸಂಸ್ಥೆ ಅಂಧರಿಂದ ತಗೊಳ್ಳೋದು ಎಷ್ಟು ಗೊತ್ತಾ? ಐವತ್ತು ಪೆನ್ಸ್. ನಮ್ಮ ಲೆಕ್ಕದಲ್ಲಿ ಒಂದು ಮಸಾಲೆ ದೋಸೆ ದುಡ್ಡು. ಅದೂ ಯಾಕೆ? ಇದು ಭಿಕ್ಷೆ ಅಲ್ಲ, ನನ್ನ ನಾಯಿ, ದುಡ್ಡು ಕೊಟ್ಟು ತಗೊಂಡಿದ್ದೀನಿ ಅಂತ ಆ ಮನುಷ್ಯ ತಲೆ ಎತ್ತಿ ಹೇಳಬೇಕು. ಉಳಿದ ಖರ್ಚು ಜನರ ದೇಣಿಗೆಯಿಂದ.

ಬರೀ ಅಂಧರಿಗಲ್ಲ. ಕಿವಿ ಕೇಳದವರಿಗೆ ಬಾಗಿಲ ಗಂಟೆ ಬಾರಿಸಿದರೆ, ಮಗು ಅತ್ತರೆ, ಬೆಂಕಿಯ ಅಲಾರಂ ಕೂಗಿದರೆ ಬಂದು ಮುಟ್ಟಿ ಹೇಳುವ ನಾಯಿಗಳಿವೆ. ವೀಲ್‌ಚೇರ್‌ನಲ್ಲಿ ಇರೋರಿಗೆ ಬಿದ್ದ ವಸ್ತು ಎತ್ತಿ ಕೊಡುವ, ಬಾಗಿಲು ತೆಗೆಯುವ, ಲೈಟ್ ಸ್ವಿಚ್ ಒತ್ತುವ ನಾಯಿಗಳಿವೆ. ಸಕ್ಕರೆ ಕಾಯಿಲೆ ಇರೋರಿಗೆ ಸಕ್ಕರೆ ಪ್ರಮಾಣ ಕುಸಿದರೆ ವಾಸನೆಯಿಂದ ಗುರುತಿಸಿ ಎಚ್ಚರಿಸಲು ತರಬೇತಿ ಪಡೆದ ನಾಯಿಗಳಿವೆ. ಫಿಟ್ಸ್ ಬರೋರ ಜೊತೆಗೆ, ಆಟಿಸಂ ಇರುವ ಮಕ್ಕಳ ಜೊತೆಗೆ, ಯುದ್ಧ ಮುಗಿಸಿ ಬಂದು ರಾತ್ರಿ ನಿದ್ದೆ ಬಾರದ ಸೈನಿಕರ ಜೊತೆಗೆ ಕೆಲಸ ಮಾಡುವ ನಾಯಿಗಳಿವೆ.

ಒಂದು ವ್ಯತ್ಯಾಸ ಮಾತ್ರ ನೆನಪಿಟ್ಕೊಳ್ಳಿ. ಮನೆಯಲ್ಲಿ ಸಮಾಧಾನಕ್ಕೆ ಸಾಕಿದ ನಾಯಿ ಬೇರೆ, ಒಂದು ನಿರ್ದಿಷ್ಟ ಕೆಲಸಕ್ಕೆ ತರಬೇತಿ ಪಡೆದ ಸರ್ವಿಸ್ ಡಾಗ್ ಬೇರೆ. ಅಮೆರಿಕದಲ್ಲಿ 1990ರಿಂದ ಅಂಗವಿಕಲರ ಕಾಯ್ದೆ ಇದೆ. ಅದರ ಪ್ರಕಾರ ಸರ್ವಿಸ್ ಡಾಗ್ ಜೊತೆ ಬಂದವರನ್ನ ಹೋಟೆಲ್‌ನವರು ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ? ಇದು ಯಾವ ಕೆಲಸಕ್ಕೆ ತರಬೇತಿ ಪಡೆದಿದೆ? ಅಷ್ಟೇ. ನಿಮಗೇನು ಕಾಯಿಲೆ ಅಂತ ಕೇಳುವಂತಿಲ್ಲ. ಸರ್ಟಿಫಿಕೇಟ್ ತೋರಿಸಿ ಅನ್ನುವಂತಿಲ್ಲ. ನಾಯಿ ಗಲಾಟೆ ಮಾಡಿದರೆ ಹೊರಗೆ ಕಳಿಸಬಹುದು.

ಸರಿ. ಈಗ ಆ ನಾಯಿಯನ್ನ ಬಳ್ಳಾರಿಗೆ ಕರ್ಕೊಂಡು ಬರೋಣ.

ಸುಮ್ಮನೆ ಕಲ್ಪನೆ ಮಾಡ್ಕೊಳ್ಳಿ. ಸಿರುಗುಪ್ಪದ ಒಬ್ಬ ಯುವಕ. ಕಣ್ಣು ಕಾಣಲ್ಲ. ಡಿಗ್ರಿ ಆಗಿದೆ. ಬಳ್ಳಾರಿಯ ಒಂದು ಬ್ಯಾಂಕ್‌ನಲ್ಲಿ ಕೆಲಸ ಸಿಕ್ಕಿದೆ. ಎಲ್ಲಿಂದಲೋ ಒಂದು ಗೈಡ್ ಡಾಗ್ ಕೂಡ ಸಿಕ್ಕಿದೆ ಅಂತ ಇಟ್ಕೊಳ್ಳಿ. ಬೆಳಗ್ಗೆ ಸಿರುಗುಪ್ಪ ಬಸ್ ನಿಲ್ದಾಣ. ಕಂಡಕ್ಟರ್ ಏನಂತಾನೆ? 'ಏನಪಾ, ನಾಯಿ ತಗಂಡು ಎಲ್ಲಿಗೆ ಹೊಂಟಿ? ಇಳಿ ಇಳಿ.' ಕಂಡಕ್ಟರ್ ಕೆಟ್ಟವನಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ದಕ್ಷಿಣದ ಕೆಎಸ್‌ಆರ್‌ಟಿಸಿಯಲ್ಲಿ 2022ರಲ್ಲಿ ನಿಯಮ ಬದಲಾಯ್ತು, ಸಾಮಾನ್ಯ ಬಸ್ಸಿನಲ್ಲಿ ಸಾಕು ನಾಯಿಗೆ ಅರ್ಧ ಟಿಕೆಟ್ ಅಂತ. ಒಳ್ಳೇದೇ. ಆದರೆ ನೋಡಿ, ಅಲ್ಲಿ ನಾಯಿ ಅಂದರೆ ಒಂದು ಲಗೇಜು, ಇಲ್ಲಾಂದ್ರೆ ಒಂದು ಮಗು. ಒಬ್ಬ ಮನುಷ್ಯನ ಕಣ್ಣು ಅಲ್ಲ. ಕಣ್ಣಿಗೆ ಯಾರಾದರೂ ಟಿಕೆಟ್ ತಗೋತಾರಾ? ವೀಲ್‌ಚೇರ್‌ಗೆ, ಬಿಳಿ ಕೋಲಿಗೆ ಟಿಕೆಟ್ ಹರೀತೀವಾ?

ಹೇಗೋ ಬಳ್ಳಾರಿಗೆ ಬಂದ. ಮೋತಿ ವೃತ್ತ, ರಾಯಲ್ ವೃತ್ತ, ಬೆಂಗಳೂರು ರಸ್ತೆ. ನಾಯಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಫುಟ್‌ಪಾತ್ ಮೇಲೆ ನಡೆಸು, ಅಂಚು ಬಂದಾಗ ನಿಲ್ಲು ಅಂತ. ಇಲ್ಲಿ ಫುಟ್‌ಪಾತ್ ಎಲ್ಲಿದೆ? ಇದ್ದಲ್ಲಿ ಅದರ ಮೇಲೆ ಅಂಗಡಿ ಇದೆ, ಬೈಕ್ ಇದೆ, ಟ್ರಾನ್ಸ್‌ಫಾರ್ಮರ್ ಇದೆ, ಚರಂಡಿಯ ಕಲ್ಲು ಎದ್ದಿದೆ. ನಾಯಿಯ ಬುದ್ಧಿಗೆ ತಪ್ಪಿಲ್ಲ, ಅದು ಕಲಿತ ಪಠ್ಯಪುಸ್ತಕದಲ್ಲಿ ನಮ್ಮ ರಸ್ತೆ ಇಲ್ಲ.

ಈಗ ಬಿಸಿಲಿಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆ ಪಾದರಸ 40 ಡಿಗ್ರಿ ದಾಟೋದು ಹೊಸ ಮಾತಲ್ಲ. ಟಾರು ರಸ್ತೆ ಗಾಳಿಗಿಂತ ಇನ್ನೂ ಹೆಚ್ಚು ಕಾಯುತ್ತೆ. ನಿಮ್ಮ ಅಂಗೈ ಹಿಂಭಾಗವನ್ನ ಏಳು ಸೆಕೆಂಡ್ ರಸ್ತೆ ಮೇಲೆ ಇಡೋಕಾಗಲ್ಲ ಅಂದರೆ ನಾಯಿಯನ್ನ ಅಲ್ಲಿ ನಡೆಸಬಾರದು ಅಂತಾರೆ. ನಾವು ಚಪ್ಪಲಿ ಹಾಕ್ಕೊಂಡಿರ್ತೀವಿ. ಅದರ ಪಾದ ಸುಡುತ್ತೆ. ಲ್ಯಾಬ್ರಡಾರ್ ಮೈಮೇಲೆ ಎರಡು ಪದರ ಕೂದಲು, ಚಳಿ ದೇಶಕ್ಕೆ ಮಾಡಿದ ಮೈ ಅದು. ಮಧ್ಯಾಹ್ನ ಹನ್ನೆರಡಕ್ಕೆ ಬಳ್ಳಾರಿಯಲ್ಲಿ ಅದನ್ನ ಕೆಲಸಕ್ಕೆ ಹಚ್ಚೋದು ಅಂದರೆ ಕ್ರೌರ್ಯ.

ನಮ್ಮದೇ ಮುಧೋಳ ನಾಯಿ ಇದೆಯಲ್ಲ ಅಂತೀರಿ. ಇದೆ. ಹೆಮ್ಮೆ ಪಡಬೇಕಾದ ತಳಿ. ಸೇನೆಯವರೂ ತಗೊಂಡು ಹೋಗಿ ತರಬೇತಿ ಕೊಟ್ಟಿದ್ದಾರೆ. 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು. ಚಿಕ್ಕ ಕೂದಲು, ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ. ಆದರೆ ಅದು ಬೇಟೆ ನಾಯಿ. ಓಡೋದನ್ನ ಕಂಡರೆ ಅಟ್ಟೋದು ಅದರ ರಕ್ತದಲ್ಲಿದೆ. ಗೈಡ್ ಡಾಗ್ ಆದರೆ ಎದುರಿಗೆ ಬೆಕ್ಕು ಓಡಿದರೂ ಕತ್ತು ತಿರುಗಿಸಬಾರದು. ಅಂದರೆ ನಮ್ಮ ವಾತಾವರಣಕ್ಕೂ ಈ ಕೆಲಸಕ್ಕೂ ಎರಡಕ್ಕೂ ಒಗ್ಗುವ ನಾಯಿಯನ್ನ ಹುಡುಕಬೇಕು, ಬೆಳೆಸಬೇಕು. ಅದು ಭಾವನೆಯ ವಿಷಯ ಅಲ್ಲ, ಸಂಶೋಧನೆಯ ವಿಷಯ.

ಎಲ್ಲಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಬೀದಿ ನಾಯಿಗಳು. ಒಂದು ಓಣಿಗೆ ಹೊರಗಿನ ನಾಯಿ ಕಾಲಿಟ್ಟರೆ ಆ ಓಣಿಯ ಐದಾರು ನಾಯಿ ಎದ್ದು ಬರ್ತವೆ. ಗೈಡ್ ಡಾಗ್ ತಿರುಗಿ ಜಗಳ ಆಡುವಂತಿಲ್ಲ, ಅದರ ತರಬೇತಿಯೇ ಹಾಗೆ. ಅದರ ಹಿಡಿಕೆ ಹಿಡಿದವನಿಗೆ ಎಷ್ಟು ನಾಯಿ, ಯಾವ ಕಡೆಯಿಂದ ಅನ್ನೋದೇ ಗೊತ್ತಾಗಲ್ಲ. ಗೈಡ್ ಡಾಗ್ ಬಿಡಿ. ಇವತ್ತು ಬರೀ ಕೋಲು ಹಿಡಿದು ಓಡಾಡೋ ಅಂಧರ ಕಥೆ ಏನು? ಮಲಗಿರೋ ನಾಯಿ ನಿಮಗೆ ಕಾಣುತ್ತೆ, ಸುತ್ತು ಹಾಕಿ ಹೋಗ್ತೀರಿ. ಅವರ ಕೋಲು ಹೋಗಿ ನೇರ ಅದರ ಬಾಲಕ್ಕೆ ತಾಗುತ್ತೆ. ತ್ರಿಚಕ್ರ ವಾಹನದಲ್ಲಿ ಹೋಗೋ ಅಂಗವಿಕಲರನ್ನ ನಾಯಿ ಅಟ್ಟಿಸಿಕೊಂಡು ಬಂದರೆ ಅವರು ಇಳಿದು ಓಡೋಕಾಗುತ್ತಾ? ನಾಯಿ ಕಚ್ಚಿದರೆ ಗಾಯವನ್ನ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೀಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ ಮತ್ತೆ ಲಸಿಕೆಗೆ ಹೋಗಬೇಕು. ಅಷ್ಟು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು?

ಇಲ್ಲಿ ಒಂದು ವಿಚಿತ್ರ ನೋಡಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ಬೀದಿ ನಾಯಿಗಳನ್ನ ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯ ಕೇಂದ್ರದಲ್ಲಿ ಇಡಿ, ಮತ್ತೆ ಅಲ್ಲೇ ಬಿಡಬೇಡಿ ಅಂತ. ಅದರ ಉದ್ದೇಶ ಜನರ ಸುರಕ್ಷತೆ. ಆದರೆ ನಾಳೆ ಆಸ್ಪತ್ರೆಯ ಗೇಟ್‌ನಲ್ಲಿ ನಿಂತ ಸೆಕ್ಯೂರಿಟಿಯವನಿಗೆ ಬೀದಿ ನಾಯಿ ಯಾವುದು, ಒಬ್ಬ ಅಂಧನ ಕಣ್ಣಾಗಿ ಬಂದ ನಾಯಿ ಯಾವುದು ಅಂತ ಹೇಳಿಕೊಡೋರು ಯಾರು? ಅವನಿಗೆ ಗೊತ್ತಿರೋದು ಒಂದೇ. ನಾಯಿ ಒಳಗೆ ಬಿಡಬಾರದು. ಒಂದು ಸ್ಪಷ್ಟ ಲಿಖಿತ ನಿಯಮ ಇಲ್ಲದೇ ಹೋದರೆ ಆ ಯುವಕ ಗೇಟಿನ ಹೊರಗೇ ನಿಲ್ತಾನೆ.

ಕಾನೂನು ಏನು ಹೇಳುತ್ತೆ? ಭಾರತ 2007ರಲ್ಲೇ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನ ಒಪ್ಪಿಕೊಂಡಿದೆ. ಅದರ 9 ಮತ್ತು 20ನೇ ವಿಧಿಗಳು 'ಜೀವಂತ ನೆರವು' ಒದಗಿಸಿ ಅಂತ ಹೇಳ್ತವೆ. 2016ರಲ್ಲಿ ನಮ್ಮ ಸಂಸತ್ತು ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಡಿತು. ಏಳು ಬಗೆಯ ಅಂಗವೈಕಲ್ಯ ಇದ್ದ ಪಟ್ಟಿ 21ಕ್ಕೆ ಏರಿತು. ಬಹಳ ಒಳ್ಳೆಯ ಕಾಯ್ದೆ. ಅದರಲ್ಲಿ ಸಾರಿಗೆ ಬಗ್ಗೆ ಇದೆ, ಕಟ್ಟಡಗಳ ಬಗ್ಗೆ ಇದೆ, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಿ ಅಂತ ಇದೆ. ಆದರೆ ಸರ್ವಿಸ್ ಡಾಗ್ ಅನ್ನೋ ಪದ ಇಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರಾತೂರಿ ಪ್ರಕರಣದಲ್ಲಿ ಹೇಳಿತು, ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ತಲುಪುವಂತೆ ಇರಬೇಕು ಅನ್ನೋದು ಸಲಹೆ ಆಗಬಾರದು, ಕಡ್ಡಾಯ ಆಗಬೇಕು, ಮೂರು ತಿಂಗಳಲ್ಲಿ ನಿಯಮ ಮಾಡಿ ಅಂತ. ಕಡ್ಡಾಯ ಅನ್ನೋ ಪದ ದೆಹಲಿಯಿಂದ ಹೊರಟಿದೆ. ಕುರುಗೋಡಿಗೆ ಬಂದು ಇಳಿಯೋದು ಯಾವಾಗ?

ಈಗ ಕೆಲವರು ಕೇಳ್ತೀರಿ. ಸ್ವಾಮಿ, ಇಲ್ಲಿ ಮನುಷ್ಯರಿಗೇ ಗತಿ ಇಲ್ಲ, ನಾಯಿ ವಿಷಯ ತಗೊಂಡು ಬಂದಿದ್ದೀರಲ್ಲ? ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ವಿಷಯ ತಗೊಂಡಿದ್ದು.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು. ಅದರಲ್ಲಿ ದೃಷ್ಟಿ ದೋಷ ಇರೋರು 50 ಲಕ್ಷ. ಕರ್ನಾಟಕದಲ್ಲಿ ಒಟ್ಟು 13.24 ಲಕ್ಷ ಅಂಗವಿಕಲರು. ಗೈಡ್ ಡಾಗ್ ಇಟ್ಕೊಂಡೋರು ಬೆರಳೆಣಿಕೆಯಷ್ಟು. ಹಾಗಾದರೆ ನಾಯಿ ಮಾಡೋ ಕೆಲಸವನ್ನ ಇಲ್ಲಿ ಯಾರು ಮಾಡ್ತಾ ಇದ್ದಾರೆ? ನಾನು ಹೇಳ್ತೀನಿ. ತಾಯಿ ಮಾಡ್ತಾ ಇದ್ದಾಳೆ. ಹೆಂಡತಿ ಮಾಡ್ತಾ ಇದ್ದಾಳೆ. ಬಹಳ ಮನೆಗಳಲ್ಲಿ ಒಂದು ಮಗು ಮಾಡ್ತಾ ಇದೆ. ಅಜ್ಜನ ಕೋಲಿನ ಒಂದು ತುದಿ ಹಿಡ್ಕೊಂಡು ಮುಂದೆ ನಡೆಯೋ ಮೊಮ್ಮಗಳನ್ನ ನೀವು ಜಾತ್ರೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನೋಡಿಲ್ವಾ? ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ ನೋಡಿ, ಕಾಣಿಸುತ್ತೆ. ಎಷ್ಟು ಚೆಂದ, ಎಷ್ಟು ಪ್ರೀತಿ ಅಂತ ಫೋಟೊ ತೆಗೀತೀವಿ. ಆ ಮಗು ಅವತ್ತು ಶಾಲೆಗೆ ಹೋಗಿಲ್ಲ ಅನ್ನೋದು ಫೋಟೊದಲ್ಲಿ ಬರಲ್ಲ.

ಇನ್ನೊಂದು ಮಾತು ಇದೆ, ಅದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಸದಾ ಯಾರದೋ ಕೈ ಹಿಡಿದೇ ನಡೆಯೋನಿಗೆ ಗುಟ್ಟು ಅನ್ನೋದೇ ಇಲ್ಲ. ಅವನು ಬ್ಯಾಂಕಿನಲ್ಲಿ ಎಷ್ಟು ದುಡ್ಡು ಇಟ್ಟಿದ್ದಾನೆ ಅನ್ನೋದು ಕರ್ಕೊಂಡು ಹೋದವನಿಗೆ ಗೊತ್ತು. ಡಾಕ್ಟರ್ ಏನು ಹೇಳಿದರು ಗೊತ್ತು. ಯಾರನ್ನ ಭೇಟಿ ಮಾಡಿದ ಗೊತ್ತು. ಹೋಗಬೇಕು ಅಂತ ಅವನಿಗೆ ಅನಿಸಿದಾಗ ಅಲ್ಲ, ಕರ್ಕೊಂಡು ಹೋಗೋರಿಗೆ ಪುರುಸೊತ್ತು ಆದಾಗ ಹೊರಡಬೇಕು. ಹೆಣ್ಣುಮಗಳಾದರೆ ಇನ್ನೂ ಕಷ್ಟ. ರಾಜ್ಯದಲ್ಲಿ 2023ರಿಂದ ಶಕ್ತಿ ಯೋಜನೆ ಇದೆ, ಬಸ್ಸು ಉಚಿತ. ಆದರೆ ಬಸ್ಸಿನ ತನಕ ಒಬ್ಬಳೇ ಹೋಗೋಕಾಗದ ಅಂಧ ಯುವತಿಗೆ ಉಚಿತ ಬಸ್ಸಿನಿಂದ ಏನು ಬಂತು?

ಮಾರಿಸ್ ಫ್ರಾಂಕ್ ಆ ರಸ್ತೆ ದಾಟಿದಾಗ ಗೆದ್ದಿದ್ದು ನಾಯಿ ಅಲ್ಲ. ಒಬ್ಬನೇ ಹೊರಗೆ ಹೋಗೋ ಹಕ್ಕು ಗೆದ್ದಿದ್ದು. ನಾಯಿ ಒಂದು ಸಾಧನ. ಬಿಳಿ ಕೋಲು ಇನ್ನೊಂದು ಸಾಧನ. ದೆಹಲಿ ಐಐಟಿಯವರು ಮಾಡಿದ ಸ್ಮಾರ್ಟ್‌ಕೇನ್ ಮತ್ತೊಂದು. ಶ್ರವಣಾತೀತ ಶಬ್ದದಿಂದ ಮೊಣಕಾಲಿಗಿಂತ ಮೇಲಿರುವ ಅಡೆತಡೆಯನ್ನ ಗುರುತಿಸಿ ಕೈಗೆ ಕಂಪನ ಕೊಡುತ್ತೆ. ಯಾವ ಸಾಧನವೇ ಆಗಲಿ, ಅದಕ್ಕೆ ಬೇಕಾದ್ದು ನಡೆಯೋಕೆ ಒಂದು ದಾರಿ. ಗೈಡ್ ಡಾಗ್ ನಡೆಯಬಲ್ಲ ಊರು ಅಂದರೆ ಕೋಲು ಹಿಡಿದವನೂ ನಡೆಯಬಲ್ಲ ಊರು, ವೀಲ್‌ಚೇರ್ ಉರುಳಬಲ್ಲ ಊರು, ಬಸುರಿ ಹೆಂಗಸು, ಎಂಬತ್ತರ ಅಜ್ಜ, ಶಾಲೆಯ ಮಗು ಭಯ ಇಲ್ಲದೆ ಓಡಾಡಬಲ್ಲ ಊರು. ನಾಯಿ ಬಳ್ಳಾರಿಗೆ ಬರುತ್ತೋ ಇಲ್ವೋ, ಆಮೇಲಿನ ಮಾತು. ಬಳ್ಳಾರಿ ಆ ನಾಯಿಗೆ ಅರ್ಹ ಆಗಬೇಕು. ಇಷ್ಟೇ ನನ್ನ ವಾದ.

ನಮ್ಮಿಂದ ಆಗಲ್ಲ ಅನ್ನಬೇಡಿ. ನಾಯಿಯ ಋಣ ತೀರಿಸಿದ ನಾಡು ಇದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಶಾಸನ ಸಿಕ್ಕಿತು. ಹತ್ತನೇ ಶತಮಾನದ್ದು. ಮಣಲೇರ ಎಂಬ ವೀರ ರಾಜನಿಂದ ಬಹುಮಾನವಾಗಿ ಕೇಳಿ ಪಡೆದಿದ್ದು ಕಾಳಿ ಎಂಬ ನಾಯಿಯನ್ನ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಿಂತು, ನಾಯಿಯನ್ನ ಬಿಟ್ಟು ಒಳಗೆ ಬರಲ್ಲ ಅಂದ ಕಥೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಸ್ವರ್ಗದ ಬಾಗಿಲಲ್ಲಿ ಆದ ಆ ವಾದವನ್ನೇ ಇವತ್ತು ಒಬ್ಬ ಅಂಧ ಹೋಟೆಲ್ ಬಾಗಿಲಲ್ಲಿ ಮಾಡಬೇಕಾ?

ವಿದ್ಯೆಯೂ ನಮ್ಮಲ್ಲಿದೆ. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆ ಇದೆ. ಬಾಂಬ್ ಹುಡುಕೋ ನಾಯಿಗಳು ಅಲ್ಲಿಂದ ತಯಾರಾಗಿ ಕಾಡಿಗೆ ಹೋಗ್ತವೆ. ರಾಜ್ಯ ಪೊಲೀಸರ ಶ್ವಾನದಳ ಇದೆ. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಇದೆ. ಕಳ್ಳನನ್ನ ಹಿಡಿಯೋಕೆ, ಬಾಂಬ್ ಹುಡುಕೋಕೆ ನಾಯಿಗೆ ಕಲಿಸಬಲ್ಲವರು ಒಬ್ಬ ಅಂಧನಿಗೆ ದಾರಿ ತೋರಿಸೋಕೆ ಕಲಿಸಲಾರರಾ? ತಜ್ಞರನ್ನ ಕರೆಸಿ, ಕಲೀರಿ. ಮೊದಲ ವರ್ಷ ಐದೇ ನಾಯಿ ಆಗಲಿ.

ಬರೀ ಬೈದು ಎದ್ದು ಹೋದರೆ ಪ್ರಯೋಜನ ಇಲ್ಲ. ಅದಕ್ಕೇ ಕೆಲವು ಬೇಡಿಕೆ, ನೇರವಾಗಿ.

ರಾಜ್ಯ ಸರ್ಕಾರಕ್ಕೆ. ಒಂದು ಪುಟದ ಆದೇಶ ಸಾಕು. ತರಬೇತಿ ಪಡೆದ ಸರ್ವಿಸ್ ಡಾಗ್ ಜೊತೆ ಬಂದ ಅಂಗವಿಕಲರಿಗೆ ಬಸ್ಸು, ಆಸ್ಪತ್ರೆ, ಕಚೇರಿ, ಹೋಟೆಲ್, ಬಾಡಿಗೆ ಮನೆ ಎಲ್ಲೂ ಬಾಗಿಲು ಹಾಕುವಂತಿಲ್ಲ ಅಂತ. ಯಾವುದು ಸರ್ವಿಸ್ ಡಾಗ್, ಯಾರು ದೃಢೀಕರಿಸಬೇಕು ಅಂತ ಅದರಲ್ಲೇ ಬರೀರಿ. ಇಲ್ಲದೇ ಹೋದರೆ ನಾಳೆ ಯಾರೋ ಶ್ರೀಮಂತರು ಮನೆಯ ಮುದ್ದಿನ ನಾಯಿಗೆ ಒಂದು ಜಾಕೆಟ್ ತೊಡಿಸಿ ತರ್ತಾರೆ. ಆ ನಕಲಿಯಿಂದ ಮೊದಲು ಕೆಡೋದು ನಿಜವಾದ ಅಂಗವಿಕಲನ ಹೆಸರು.

ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ. ಚಾಲಕರಿಗೆ, ನಿರ್ವಾಹಕರಿಗೆ ತರಬೇತಿ ಕೊಡ್ತೀರಲ್ಲ, ಅದರಲ್ಲಿ ಒಂದು ಗಂಟೆ ಇದಕ್ಕೆ ಕೊಡಿ. ಅಂಧರು ನಿಂತಿದ್ದರೆ ಬಸ್ಸನ್ನ ಅವರ ಮುಂದೆ ನಿಲ್ಲಿಸಿ, ಯಾವ ಊರಿಗೆ ಅಂತ ಬಾಯಿಬಿಟ್ಟು ಹೇಳಿ. ಅದಕ್ಕೆ ದುಡ್ಡೂ ಬೇಡ, ನಾಯಿಯೂ ಬೇಡ.

ಬಳ್ಳಾರಿ ಮಹಾನಗರ ಪಾಲಿಕೆಗೆ, ಸಿರುಗುಪ್ಪ, ಕುರುಗೋಡಿನ ಪುರಾಡಳಿತಕ್ಕೆ. ಇಡೀ ಊರು ಬೇಡ. ಬಸ್ ನಿಲ್ದಾಣದಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ತಾಲೂಕು ಕಚೇರಿಗೆ ಒಂದೇ ಒಂದು ದಾರಿ ಆರಿಸ್ಕೊಳ್ಳಿ. ಅದರ ಫುಟ್‌ಪಾತ್ ಖಾಲಿ ಮಾಡಿಸಿ, ಚರಂಡಿ ಮುಚ್ಚಿ, ನೆರಳಿಗೆ ಗಿಡ ಹಾಕಿ. ಬೀದಿ ನಾಯಿಗಳ ಸಂತಾನಹರಣ, ರೇಬಿಸ್ ಲಸಿಕೆ ಎಷ್ಟು ಆಗಿದೆ ಅಂತ ವಾರ್ಡ್‌ವಾರು ಲೆಕ್ಕವನ್ನ ಫಲಕದಲ್ಲಿ ಹಾಕಿ. ನಾಯಿಗಳನ್ನ ಕೊಲ್ಲಿ ಅಂತ ನಾನು ಹೇಳ್ತಾ ಇಲ್ಲ. ಕೆಲಸ ಮಾಡಿ ಅಂತ ಹೇಳ್ತಾ ಇದ್ದೀನಿ.

ಇನ್ನು ಗ್ರಾಮ ಪಂಚಾಯಿತಿಗಳು. ಪ್ರತಿ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು ಅನ್ನೋದು ನಮ್ಮ ರಾಜ್ಯದ ಒಳ್ಳೆಯ ಯೋಜನೆ. ಆ ಕಾರ್ಯಕರ್ತರೂ ಅಂಗವಿಕಲರೇ. ಗೌರವಧನಕ್ಕೆ ದುಡಿಯೋ ಜನ. ಅವರ ಕೈಗೆ ಬರೀ ಅರ್ಜಿ ಕೊಡಬೇಡಿ, ಬಿಳಿ ಕೋಲು ಹಿಡಿದು ನಡೆಯೋದನ್ನ ಹೇಳಿಕೊಡೋ ತರಬೇತಿ ಕೊಡಿ. ಕೋಲು ಹಂಚೋದು ಫೋಟೊಗೆ ಚೆಂದ. ಆದರೆ ಹೇಳಿಕೊಡದೆ ಕೊಟ್ಟ ಕೋಲು ಮೂಲೆ ಸೇರುತ್ತೆ.

ಕೊನೆಗೆ ನಿಮಗೆ, ಟಿವಿ ಮುಂದೆ ಕೂತಿರೋ ವೀಕ್ಷಕರಿಗೆ.

ರಸ್ತೆ ಬದಿ ಅಂಧರು ನಿಂತಿದ್ದರೆ ಹೋಗಿ ರಟ್ಟೆ ಹಿಡಿದು ಎಳೀಬೇಡಿ. ಮೊದಲು ಕೇಳಿ, 'ಸಹಾಯ ಬೇಕಾ ಅಣ್ಣಾ, ಅಕ್ಕಾ' ಅಂತ. ಬೇಕು ಅಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡ್ಕೋತಾರೆ, ನೀವು ಅರ್ಧ ಹೆಜ್ಜೆ ಮುಂದೆ ನಡೀರಿ. ಬೇಡ ಅಂದರೆ ಬೇಸರ ಮಾಡ್ಕೋಬೇಡಿ. 'ಅಲ್ಲಿದೆ', 'ಆ ಕಡೆ' ಅನ್ನಬೇಡಿ, ನಿಮ್ಮ ಬೆರಳು ಅವರಿಗೆ ಕಾಣಲ್ಲ. 'ನಿಮ್ಮ ಬಲಕ್ಕೆ ಹತ್ತು ಹೆಜ್ಜೆ' ಅನ್ನಿ. ಬೈಕನ್ನ ಫುಟ್‌ಪಾತ್ ಮೇಲೆ ನಿಲ್ಲಿಸೋವಾಗ ಇದನ್ನ ಒಂದು ಸಲ ನೆನಪು ಮಾಡ್ಕೊಳ್ಳಿ. ಎಂದಾದರೂ ಹಿಡಿಕೆ ಹಾಕಿದ ಗೈಡ್ ಡಾಗ್ ಎದುರಾದರೆ ಮುದ್ದು ಮಾಡಬೇಡಿ, ಬಿಸ್ಕತ್ ಹಾಕಬೇಡಿ, ಸೆಲ್ಫಿ ತೆಗೀಬೇಡಿ. ಅದು ಡ್ಯೂಟಿಯಲ್ಲಿದೆ. ಬಸ್ ಓಡಿಸ್ತಾ ಇರೋ ಡ್ರೈವರ್ ಕೆನ್ನೆ ಹಿಂಡ್ತೀರಾ?

ಮತ್ತೆ ಆ ಮೊಮ್ಮಗಳು. ಅಜ್ಜನ ಕೋಲಿನ ತುದಿ ಹಿಡಿದ ಹುಡುಗಿ. ಅವಳ ಪ್ರೀತಿಗೆ ಬೆಲೆ ಕಟ್ಟೋಕಾಗಲ್ಲ. ಆದರೆ ಅವಳ ಪ್ರೀತಿಯನ್ನ ನಮ್ಮ ರಸ್ತೆ, ನಮ್ಮ ಬಸ್ಸು, ನಮ್ಮ ಪಾಲಿಕೆಯ ಸೋಮಾರಿತನಕ್ಕೆ ಜಾಮೀನು ಇಡೋದು ಅನ್ಯಾಯ. ಅಜ್ಜ ತನ್ನ ಪಾಡಿಗೆ ತಾನು ಸಂತೆಗೆ ಹೋಗಿಬರಬೇಕು. ಆ ಹೊತ್ತಿಗೆ ಅವಳು ಶಾಲೆಯಲ್ಲಿ ಕೂತು ಮಗ್ಗಿ ಕಲೀತಾ ಇರಬೇಕು.

ಅಷ್ಟೇ ಕೇಳ್ತಾ ಇರೋದು.